ಮನೆ ಬಾಗಿಲು ತಟ್ಟಿದ ವೈದ್ಯೆ: ಡಾ. ಆಲಿಸ್ ಹ್ಯಾಮಿಲ್ಟನ್

ಸೀಸವೆಂದ ಕೂಡಲೆ ನಮಗೆ ಮೊದಲು ನೆನಪಾಗುವುದು ಶಾಲೆಯ ದಿನಗಳ ಸೀಸದ ಕಡ್ಡಿ. ವಾಸ್ತವವಾಗಿ ಆ ಕಡ್ಡಿಯೊಳಗೆ ಸೀಸವಿಲ್ಲ. ಇರುವುದು ಗ್ರಾಫೈಟ್ ಎಂಬ ಇಂಗಾಲದ ಒಂದು ರೂಪ. ನಿಜವಾದ ಸೀಸವಾದರೋ ನಾವು ಊಹಿಸದ ಕಡೆಗಳಲ್ಲಿ ಮನೆಯನ್ನು ಹೊಕ್ಕು ಕುಳಿತಿರುತ್ತದೆ. ಹಳೆಯ ಬಾಗಿಲಿನ ಬಣ್ಣದಲ್ಲಿ, ಹಿತ್ತಲಿನಲ್ಲಿ ಒಡೆದ ಬ್ಯಾಟರಿಯಲ್ಲಿ, ಕಲಬೆರಕೆಯ ಕಲಾಯಿಯಲ್ಲಿ ಅದು ಇರಬಹುದು. ಹಾವಿನಂತೆ ಅದು ಬುಸುಗುಟ್ಟುವುದಿಲ್ಲ. ಬೆಂಕಿಯಂತೆ ಮುಟ್ಟಿದೊಡನೆ ಸುಡುವುದಿಲ್ಲ. ಧೂಳಿನ ರೂಪದಲ್ಲಿ ಸದ್ದಿಲ್ಲದೆ ಒಳಗೆ ಸೇರಿ, ವರ್ಷಗಟ್ಟಲೆ ಮೈಯಲ್ಲಿ ನಿಂತು, ದೊಡ್ಡವರ ಬಲವನ್ನೂ ಮಕ್ಕಳ ಬುದ್ಧಿಯನ್ನೂ ಕುಂದಿಸುತ್ತದೆ.

ಈ ವಿಷ ಮನುಷ್ಯನ ಮೈಯನ್ನು ಸೇರುವ ದಾರಿ ಯಾವುದು? ಸೇರಿದ ಮೇಲೆ ಅದಕ್ಕೆ ಹೊಣೆ ಯಾರು? ವಿಷ ತಿಂದವನೋ, ಅವನ ದಾರಿಯಲ್ಲಿ ವಿಷವಿಟ್ಟವನೋ? ಈ ಎರಡು ಪ್ರಶ್ನೆಗಳನ್ನು ಹಿಡಿದು ಒಂದು ದೀರ್ಘ ಜೀವಮಾನವನ್ನೇ ಸವೆಸಿದ ಮಹನೀಯರು ಅಮೆರಿಕದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್. ನಮ್ಮ ನಾಡಿನಲ್ಲಿ ಮೇಡಂ ಕ್ಯೂರಿಯ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಹ್ಯಾಮಿಲ್ಟನ್ನರ ಹೆಸರನ್ನು ಬಲ್ಲವರು ವಿರಳ. ಆದರೆ ಆಕೆ ಕಂಡುಕೊಂಡ ಸತ್ಯಗಳು ಇಂದಿಗೂ ನಮ್ಮ ಮನೆಯ ಗೋಡೆಗೆ, ಅಡಿಗೆಯ ಪಾತ್ರೆಗೆ, ಅಂಗಳದಲ್ಲಿ ಆಡುವ ಕೂಸಿಗೆ ಸಂಬಂಧಿಸಿದವು. ಆದಕಾರಣ ಆಕೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಆಲಿಸ್ ಹ್ಯಾಮಿಲ್ಟನ್ ೧೮೬೯ನೆಯ ಇಸವಿ ಫೆಬ್ರವರಿ ೨೭ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬೆಳೆದದ್ದು ಇಂಡಿಯಾನ ಸಂಸ್ಥಾನದ ಫೋರ್ಟ್ ವೇನ್ ಎಂಬ ಊರಿನಲ್ಲಿ. ತಂದೆ ಮಾಂಟ್‌ಗೊಮೆರಿ ಹ್ಯಾಮಿಲ್ಟನ್, ತಾಯಿ ಗರ್‌ಟ್ರೂಡ್. ನಾಲ್ವರು ಅಕ್ಕತಂಗಿಯರಲ್ಲಿ ಆಲಿಸ್ ಎರಡನೆಯವರು; ಅವರೆಲ್ಲರಿಗಿಂತ ಬಹಳ ಚಿಕ್ಕವನಾದ ಒಬ್ಬ ತಮ್ಮ. ಅಕ್ಕ ಈಡಿತ್ ಮುಂದೆ ಗ್ರೀಕ್ ಸಾಹಿತ್ಯ ಸಂಸ್ಕೃತಿಗಳನ್ನು ಕುರಿತು ಬರೆದು ಲೋಕವಿಖ್ಯಾತರಾದರು. ಮಕ್ಕಳಿಗೆ ಮೊದಲ ಪಾಠವೆಲ್ಲ ಮನೆಯಲ್ಲಿಯೇ. ಭಾಷೆಗಳನ್ನೂ ಸಾಹಿತ್ಯವನ್ನೂ ಹೇರಳವಾಗಿ ಕಲಿತರು. ಗಣಿತ ವಿಜ್ಞಾನಗಳು ಮಾತ್ರ ಅಷ್ಟಕ್ಕಷ್ಟೆ.

೧೮೮೫ರಲ್ಲಿ ತಂದೆಯ ದಿನಸಿ ಸಗಟು ವ್ಯಾಪಾರ ಮುರಿದುಬಿದ್ದಿತು. ಅನುಕೂಲಸ್ಥರ ಮನೆಯ ಹೆಣ್ಣುಮಕ್ಕಳಾದರೂ ತಮ್ಮ ಹೊಟ್ಟೆಯ ಪಾಡನ್ನು ತಾವೇ ನೋಡಿಕೊಳ್ಳಬೇಕಾದ ಕಾಲ ಒದಗಿತು. ಆಲಿಸ್ ವೈದ್ಯವೃತ್ತಿಯನ್ನು ಆರಿಸಿಕೊಂಡರು. ವಿಜ್ಞಾನದ ತಳಹದಿ ಸಾಲದಿದ್ದುದರಿಂದ ಊರಿನ ಉಪಾಧ್ಯಾಯರೊಬ್ಬರಿಂದ ರಸಾಯನ, ಭೌತಶಾಸ್ತ್ರಗಳನ್ನು ಹೇಳಿಸಿಕೊಂಡು, ಊರಿನ ಸಣ್ಣ ವೈದ್ಯಕೀಯ ಶಾಲೆಯಲ್ಲಿ ಕೆಲಕಾಲ ಓದಿ, ಅನಂತರ ಮಿಚಿಗನ್ ವಿಶ್ವವಿದ್ಯಾನಿಲಯವನ್ನು ಸೇರಿ ೧೮೯೩ರಲ್ಲಿ ವೈದ್ಯಪದವಿ ಪಡೆದರು. ಬಳಿಕ ಮಿನಿಯಾಪೊಲಿಸ್ ಮತ್ತು ಬಾಸ್ಟನ್ ನಗರಗಳ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಗಳಲ್ಲಿ ತರಬೇತಾಯಿತು.

ರೋಗಶಾಸ್ತ್ರದಲ್ಲಿ ಹೆಚ್ಚಿನ ವ್ಯಾಸಂಗ ಮಾಡಬೇಕೆಂದು ೧೮೯೫ರಲ್ಲಿ ಅಕ್ಕ ಈಡಿತರೊಡನೆ ಜರ್ಮನಿಗೆ ಹೋದರು. ಆದರೆ ಲೈಪ್‌ಜಿಗ್, ಮ್ಯೂನಿಕ್ ವಿಶ್ವವಿದ್ಯಾನಿಲಯಗಳು ಹೆಂಗಸರನ್ನು ವಿದ್ಯಾರ್ಥಿಗಳೆಂದು ಒಪ್ಪುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಒಂದೆಡೆ ಕುಳಿತು ಕೇಳುವುದಾದರೆ ಅಭ್ಯಂತರವಿಲ್ಲವೆಂದಷ್ಟೇ ಅಪ್ಪಣೆಯಾಯಿತು. ಆಕೆ ಹಾಗೆಯೇ ಕುಳಿತು ಕಲಿತು ಬಂದರು. ವಿದ್ಯೆಯ ಹಸಿವಿದ್ದವರಿಗೆ ಮೂಲೆಯ ಬೆಂಚೂ ಸಾಕು.

೧೮೯೭ರಲ್ಲಿ ಚಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಅಧ್ಯಾಪಿಕೆಯ ಕೆಲಸ ದೊರೆಯಿತು. ಕೆಲಸಕ್ಕಿಂತಲೂ ಮಿಗಿಲಾದ ಲಾಭವೆಂದರೆ ಹಲ್ ಹೌಸ್‌ನಲ್ಲಿ ವಾಸ. ಜೇನ್ ಆಡಮ್ಸ್ ಎಂಬ ಮಹಾತಾಯಿ ತಮ್ಮ ಗೆಳತಿಯೊಡನೆ ೧೮೮೯ರಲ್ಲಿ ಬಡವರ ಕೇರಿಯ ನಡುವೆ ಸ್ಥಾಪಿಸಿದ ಸೇವಾಶ್ರಮವದು. ಇಟಲಿ, ಪೋಲೆಂಡ್, ಗ್ರೀಸ್, ರಷ್ಯ ಮೊದಲಾದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಜನ ಸುತ್ತಮುತ್ತ ವಾಸವಾಗಿದ್ದರು. ಓದು ಬಲ್ಲವರು ಆ ಜನರಿಗೆ ಮೇಲೆ ನಿಂತು ಉಪದೇಶ ಕೊಡದೆ ಅವರ ನೆರೆಯವರಾಗಿ ಬಾಳಬೇಕೆಂಬುದು ಆ ಸಂಸ್ಥೆಯ ಧ್ಯೇಯ. ಆಲಿಸ್ ಅಲ್ಲಿ ಎಳೆಯ ಮಕ್ಕಳಿಗಾಗಿ ಚಿಕಿತ್ಸಾಲಯ ತೆರೆದರು. ಕೇರಿಯ ತಾಯಂದಿರ ಕೂಸುಗಳಿಗೆ ನೀರೆರೆದರು. ಆ ಮನೆಗಳ ಒಳಹೊರಗನ್ನು ತಮ್ಮ ಮನೆಯಂತೆಯೇ ತಿಳಿದುಕೊಂಡರು.

೧೯೦೨ರಲ್ಲಿ ಆ ಕೇರಿಯಲ್ಲಿ ವಿಷಮಶೀತಜ್ವರ ಹಬ್ಬಿದಾಗ ನೊಣಗಳಿಂದ ರೋಗ ಹರಡಿತೆಂದು ಆಲಿಸ್ ಬರೆದರು. ಅದರಿಂದ ಆಕೆಗೆ ಕೀರ್ತಿಯೂ ಬಂದಿತು. ಆದರೆ ನೀರು ಪಂಪು ಮಾಡುವ ಕೇಂದ್ರದಲ್ಲಿ ಒಡಕುಂಟಾಗಿ ಚರಂಡಿಯ ಹೊಲಸು ಕುಡಿಯುವ ನೀರಿನಲ್ಲಿ ಬೆರೆತದ್ದೇ ನಿಜವಾದ ಕಾರಣವೆಂದೂ, ನಗರದ ಆರೋಗ್ಯಾಧಿಕಾರಿಗಳು ಅದನ್ನು ಮುಚ್ಚಿಟ್ಟಿದ್ದರೆಂದೂ ಆಮೇಲೆ ತಿಳಿಯಿತು. ತಮ್ಮ ತಪ್ಪನ್ನು ಆಕೆ ಮುಂದೆ ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಬರೆದುಕೊಂಡಿದ್ದಾರೆ. ಬಡವರ ಕಾಯಿಲೆಯ ಕಾರಣ ಕೆಲವೊಮ್ಮೆ ಬಲ್ಲವರ ಕಡತಗಳಲ್ಲಿಯೇ ಹುದುಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಹಲ್ ಹೌಸಿನ ನೆರೆಹೊರೆಯಲ್ಲಿ ಆಕೆಗೆ ಮತ್ತೊಂದು ಸಂಗತಿ ಕಾಣುತ್ತಿತ್ತು. ಗಟ್ಟಿಮುಟ್ಟಾಗಿ ಬಂದ ಗಂಡಸರು ಕೆಲವೇ ವರ್ಷಗಳಲ್ಲಿ ಸೊರಗುತ್ತಿದ್ದರು. ಕೆಲವರಿಗೆ ಹೊಟ್ಟೆನುಲಿ, ಕೆಲವರ ಮಣಿಕಟ್ಟು ಬಲಗುಂದಿ ಜೋಲುಬೀಳುತ್ತಿತ್ತು. ಇಂಗ್ಲೆಂಡಿನ ಥಾಮಸ್ ಆಲಿವರ್ ಅಪಾಯಕರವಾದ ಕಸುಬುಗಳನ್ನು ಕುರಿತು ೧೯೦೨ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದ ಮೇಲೆ ಆಕೆಗೆ ದಾರಿ ಕಂಡಿತು. ಯೂರೋಪಿನ ದೇಶಗಳಲ್ಲಿ ಈ ರೋಗಗಳ ಬಗೆಗೆ ಶಾಸ್ತ್ರಗ್ರಂಥಗಳಿದ್ದವು, ಕಾನೂನುಗಳಿದ್ದವು. ಅಮೆರಿಕದಲ್ಲಿ ಏನೂ ಇರಲಿಲ್ಲ. ತಮ್ಮ ಕಾರ್ಖಾನೆಗಳು ಯೂರೋಪಿನವಕ್ಕಿಂತ ಶುಭ್ರವಾಗಿರುವುದರಿಂದ ಇಂಥ ರೋಗಗಳೇ ಇಲ್ಲವೆಂಬ ನಂಬಿಕೆ ಅಲ್ಲಿ ಬೇರೂರಿತ್ತು.

ಇಲಿನಾಯ್ ಸಂಸ್ಥಾನದ ಸರ್ಕಾರ ೧೯೧೦ರಲ್ಲಿ ಔದ್ಯೋಗಿಕ ರೋಗಗಳ ಸಮೀಕ್ಷೆಯನ್ನು ನಡೆಸಲು ನಿಶ್ಚಯಿಸಿ ಅದರ ನೇತೃತ್ವವನ್ನು ಆಲಿಸರಿಗೆ ವಹಿಸಿತು. ಆಗ ಆಕೆಗೆ ೪೧ ವರ್ಷ. ಸೀಸದ ಭಾಗವನ್ನು ಆಕೆ ತಾವೇ ಇಟ್ಟುಕೊಂಡರು. ಕಾರ್ಖಾನೆಗಳ ಪಟ್ಟಿಯಿಲ್ಲ, ಒಳಗೆ ಹೋಗುವ ಅಧಿಕಾರವಿಲ್ಲ, ಮಾದರಿಯಾಗಿ ನೋಡಬಹುದಾದ ಹಿಂದಿನ ವರದಿಯೊಂದೂ ಇಲ್ಲ. ಕಾರ್ಖಾನೆಯೊಳಗೆ ಕೇಳಿದರೆ ಕೂಲಿಯವರು ಕೆಲಸ ಹೋದೀತೆಂಬ ಭಯದಿಂದ ಬಾಯಿ ಬಿಡರು. ಯಜಮಾನರು ತಮ್ಮಲ್ಲಿ ಯಾರಿಗೂ ಏನೂ ಆಗಿಲ್ಲವೆಂದು ಆಣೆ ಮಾಡುವರು.

ಹೀಗಿರಲು ಆಕೆ ಹಿಡಿದ ದಾರಿ ಅಪೂರ್ವವಾದುದು. ಆಸ್ಪತ್ರೆಯ ದಾಖಲೆಗಳಲ್ಲಿ ಹೊಟ್ಟೆನುಲಿ, ಕೈಸೋಲುಗಳ ರೋಗಿಗಳನ್ನು ಹುಡುಕಿದರು. ಔಷಧದ ಅಂಗಡಿಯವರನ್ನು, ಪಾದ್ರಿಗಳನ್ನು, ಹೆಂಡದಂಗಡಿಯವರನ್ನು ವಿಚಾರಿಸಿದರು. ಕೊನೆಗೆ ಕೆಲಸಗಾರರ ಮನೆಗಳಿಗೇ ನಡೆದುಹೋದರು. ಕಾರ್ಖಾನೆಯ ಬಾಗಿಲಲ್ಲಿ ಮೂಕರಾಗಿದ್ದವರು ಮನೆಯಲ್ಲಿ ಮಾತನಾಡಿದರು. ಗಂಡ ಎಂದಿನಿಂದ ಉಣ್ಣಲಾರದೆ ಇದ್ದಾನೆ, ಯಾವ ಕೆಲಸಕ್ಕೆ ಸೇರಿದ ಮೇಲೆ ಹೀಗಾಯಿತು ಎಂಬುದು ಹೆಂಡತಿಗೆ ಗೊತ್ತಿತ್ತು. ಯಾವ ಕಡತದಲ್ಲಿಯೂ ಇಲ್ಲದ ಸಾಕ್ಷ್ಯ ಅಡಿಗೆಮನೆಯಲ್ಲಿತ್ತು.

ಆಕೆಯ ಕೆಲಸದ ರೀತಿಯನ್ನು ತೋರಿಸುವ ಒಂದು ಪ್ರಸಂಗವಿದೆ. ಆಸ್ಪತ್ರೆಯಲ್ಲಿ ಪೋಲೆಂಡಿನವನೊಬ್ಬ ಸೀಸದ ಹೊಟ್ಟೆನುಲಿಯಿಂದಲೂ ಕೈಸೋಲಿನಿಂದಲೂ ನರಳುತ್ತಿದ್ದನು. ಸ್ನಾನದ ತೊಟ್ಟಿಗಳಿಗೆ ಎನಾಮಲ್ ಹಚ್ಚುವ ಕೆಲಸ ಅವನದು. ಆ ಕಸುಬಿನಲ್ಲಿ ಸೀಸವಿದೆಯೆಂದು ಆಕೆ ಕೇಳಿಯೇ ಇರಲಿಲ್ಲ. ಕಾರ್ಖಾನೆಗೆ ಹೋದಾಗ ಅಲ್ಲಿಯ ವ್ಯವಸ್ಥಾಪಕರು ಸೀಸವನ್ನು ಬಳಸುವುದೇ ಇಲ್ಲವೆಂದು ಹೇಳಿ ಕೆಲಸದ ಕೋಣೆಯನ್ನೂ ತೋರಿಸಿದರು. ಅಲ್ಲಿದ್ದ ಬಣ್ಣ ನಿರಪಾಯವಾದುದೇ ಆಗಿತ್ತು. ಏನೂ ಬಗೆಹರಿಯದೆ ಆಕೆ ಪೋಲಿಷ್ ಜನರ ಕೇರಿಯಲ್ಲಿದ್ದ ಆ ರೋಗಿಯ ಮನೆಯನ್ನು ಹುಡುಕಿಕೊಂಡು ಹೋದರು. ಆಕೆ ನೋಡಿ ಬಂದದ್ದು ಕೊನೆಯ ಸಣ್ಣಪುಟ್ಟ ತಿದ್ದುವಿಕೆಯ ಕೋಣೆಯನ್ನು ಮಾತ್ರವೆಂದೂ, ಎನಾಮಲ್ ಹಾಕುವ ನಿಜವಾದ ಕಾರ್ಖಾನೆ ನಗರದ ಇನ್ನೊಂದು ಕೊನೆಯಲ್ಲಿದೆಯೆಂದೂ ಅವನಿಂದ ತಿಳಿಯಿತು. ಅಲ್ಲಿಗೆ ಹೋಗಿ ಪುಡಿಯ ಮಾದರಿಯನ್ನು ತಂದು ಪರೀಕ್ಷಿಸಿದಾಗ ಅದರಲ್ಲಿ ನೂರಕ್ಕೆ ೨೦ರಷ್ಟರವರೆಗೆ ಕರಗುವ ಸೀಸವಿತ್ತು. ಕುಲುಮೆಯಿಂದ ಹೊರಗೆಳೆದ ಕೆಂಪಗೆ ಕಾದ ತೊಟ್ಟಿಯ ಮೇಲೆ ಆ ಪುಡಿಯನ್ನು ಉದುರಿಸುವಾಗ ಏಳುವ ಧೂಳನ್ನು ಕೆಲಸಗಾರರು ಉಸಿರಾಡುತ್ತಿದ್ದರು. ಮನೆಮಂದಿ ಮೈ ತೊಳೆದು ಶುಚಿಯಾಗುವ ತೊಟ್ಟಿಯ ಹಿಂದೆ ಇಂಥದೊಂದು ಕಥೆಯಿತ್ತು.

ಆಗಿನ ಕಾಲಕ್ಕೆ ಸೀಸದ ಪ್ರಮುಖ ಉಪಯೋಗ ಬಣ್ಣಗಳಲ್ಲಿ. ಬಿಳಿ ಸೀಸವೆಂಬ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮನೆಗಳಿಗೆ ಹಚ್ಚುತ್ತಿದ್ದರು. ಸೀಸದ ತಗಡುಗಳನ್ನು ಹುಳಿದ್ರಾವಕದ ಮಡಕೆಗಳ ಮೇಲಿರಿಸಿ, ಚರ್ಮ ಹದಮಾಡುವ ತೊಗಟೆಯಿಂದ ಮುಚ್ಚಿ ತಿಂಗಳುಗಟ್ಟಲೆ ಬಿಟ್ಟರೆ, ತಗಡು ಬಿಳಿಯ ಹೊಪ್ಪಳೆಯಾಗಿ ಮಾರ್ಪಡುತ್ತದೆ. ಅದನ್ನು ಕಿತ್ತು, ಒಣಗಿಸಿ, ಪೀಪಾಯಿಗಳಿಗೆ ತುಂಬುವಾಗ ಏಳುವ ಧೂಳು ಅಷ್ಟಿಷ್ಟಲ್ಲ. ಏಳು ವರ್ಷ ಸೀಸದ ಬಣ್ಣ ಅರೆಯುವ ಕೆಲಸ ಮಾಡಿದ್ದ ಹಂಗೆರಿಯ ಒಬ್ಬನನ್ನು ಆಕೆ ಆಸ್ಪತ್ರೆಯಲ್ಲಿ ಕಂಡರು. ವಯಸ್ಸು ೩೬, ನೋಡಿದರೆ ಅದರ ಎರಡರಷ್ಟು ವಯಸ್ಸಿನ ಮುದುಕ. ಮಾಂಸ ಕರಗಿ ಅಸ್ಥಿಪಂಜರವಾಗಿದ್ದನು; ಕಣ್ಣಿನಲ್ಲಿ ಕಳೆಯಿರಲಿಲ್ಲ.

ಸಮೀಕ್ಷೆಯಲ್ಲಿ ಆಕೆ ಬಹಳ ಎಚ್ಚರಿಕೆಯಿಂದ ನಡೆದರು. ವೈದ್ಯರ ನಿರ್ಣಯವಿರಬೇಕು, ಇಲ್ಲವೆ ಸೀಸದ ಗುರುತಾದ ನೀಲಿಗಪ್ಪು ಗೆರೆ ವಸಡಿನ ಮೇಲೆ ಕಾಣಬೇಕು. ಹಾಗಿಲ್ಲದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗಿದ್ದೂ ಒಂದೇ ಸಂಸ್ಥಾನದಲ್ಲಿ ಸೀಸವಿಷಕ್ಕೆ ತುತ್ತಾದವರ ಐನೂರಕ್ಕೂ ಹೆಚ್ಚು ದೃಷ್ಟಾಂತಗಳು ದೊರೆತವು; ಸೀಸದ ಅಪಾಯವುಳ್ಳ ಕಸುಬುಗಳು ೭೦ಕ್ಕೂ ಮಿಗಿಲಾಗಿದ್ದವು. ಇದರ ಫಲವಾಗಿ ೧೯೧೧ರಲ್ಲಿ ಇಲಿನಾಯ್ ಸಂಸ್ಥಾನ ಔದ್ಯೋಗಿಕ ರೋಗಗಳ ಕಾನೂನನ್ನು ಮಾಡಿತು. ಕೆಲಸಗಾರರಿಗೆ ರಕ್ಷಣೆಯ ಸಲಕರಣೆಗಳನ್ನು ಒದಗಿಸುವುದು, ತಿಂಗಳಿಗೊಮ್ಮೆ ವೈದ್ಯಪರೀಕ್ಷೆ ಮಾಡಿಸುವುದು, ರೋಗ ಕಂಡರೆ ಸರ್ಕಾರಕ್ಕೆ ತಿಳಿಸುವುದು ಯಜಮಾನರ ಕರ್ತವ್ಯವಾಯಿತು.

ಇಷ್ಟರಲ್ಲಿ ೧೯೧೦ರಲ್ಲಿಯೇ ಬ್ರಸೆಲ್ಸ್ ನಗರದಲ್ಲಿ ಔದ್ಯೋಗಿಕ ಅಪಘಾತ ಮತ್ತು ರೋಗಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಮೆರಿಕದ ಪರಿಸ್ಥಿತಿಯನ್ನು ಕುರಿತು ಪರದೇಶಗಳ ಪಂಡಿತರು ಕೇಳಿದ ಪ್ರಶ್ನೆಗಳಿಗೆ ಅಲ್ಲಿ ಉತ್ತರವೇ ಇರಲಿಲ್ಲ. ಅಮೆರಿಕದ ಕಾರ್ಮಿಕ ಶಾಖೆಯ ಮುಖ್ಯಾಧಿಕಾರಿ ಚಾರ್ಲ್ಸ್ ನೀಲ್ ಅಲ್ಲಿದ್ದರು. ಇಡೀ ದೇಶದಲ್ಲಿ ಸೀಸದ ಕಸುಬುಗಳ ವಿಚಾರಣೆ ಮಾಡುವ ಕೆಲಸವನ್ನು ಅವರು ಆಲಿಸರಿಗೆ ಒಪ್ಪಿಸಿದರು. ನಿಗದಿಯಾದ ಸಂಬಳವಿಲ್ಲ, ವರದಿ ಸಿದ್ಧವಾದರೆ ಸರ್ಕಾರ ಅದನ್ನು ಕೊಂಡುಕೊಳ್ಳುವುದು. ಮುಂದಿನ ಹತ್ತು ವರ್ಷ ಆಕೆ ಬಿಳಿ ಸೀಸ, ಪಿಂಗಾಣಿ, ಎನಾಮಲ್, ಬಣ್ಣಗಾರಿಕೆ, ಬ್ಯಾಟರಿ ಕಾರ್ಖಾನೆಗಳನ್ನು ಒಂದೊಂದಾಗಿ ನೋಡಿದರು. ಮಹಾಯುದ್ಧದ ಕಾಲದಲ್ಲಿ ಸಿಡಿಮದ್ದಿನ ಕಾರ್ಖಾನೆಗಳನ್ನೂ ಹುಡುಕಿಕೊಂಡು ಹೋದರು.

ಬಲವಂತದ ಅಧಿಕಾರವಿಲ್ಲದ ಆಕೆಗೆ ಇದ್ದ ಆಯುಧಗಳು ಎರಡು: ಸೌಜನ್ಯ ಮತ್ತು ಸಾಕ್ಷ್ಯ. ನ್ಯಾಷನಲ್ ಲೆಡ್ ಕಂಪೆನಿಯ ಎಡ್ವರ್ಡ್ ಕಾರ್ನಿಷ್ ಎಂಬ ಹಿರಿಯ ಅಧಿಕಾರಿ ತಮ್ಮ ಆಳುಗಳಿಗೆ ಯಾವ ತೊಂದರೆಯೂ ಇಲ್ಲವೆಂದು ವಾದಿಸಿದ್ದರು. ಚಿಕಾಗೋದ ಅವರ ಕಾರ್ಖಾನೆಯೊಂದರಲ್ಲಿಯೇ ಆಸ್ಪತ್ರೆ ಸೇರುವಷ್ಟು ಸೀಸವೇರಿದ ೨೨ ಮಂದಿಯ ವಿವರಗಳನ್ನು ಆಕೆ ಮುಂದಿಟ್ಟರು. ಕಾರ್ನಿಷ್ ಮಾತಿಗೆ ತಪ್ಪಲಿಲ್ಲ. ಧೂಳನ್ನು ತಡೆಯುವ ಏರ್ಪಾಡುಗಳನ್ನು ಮಾಡಿಸಿದರು, ವೈದ್ಯರನ್ನು ನೇಮಿಸಿದರು. ಎದುರಾಳಿಯನ್ನು ಹಳಿಯದೆ ಒಪ್ಪಿಸಿ ಗೆಲ್ಲುವುದು ಆಕೆಯ ಕ್ರಮ.

ಇಲ್ಲಿ ಆಕೆಯ ಮುಖ್ಯ ಸಿದ್ಧಾಂತವನ್ನು ಗಮನಿಸಬೇಕು. ಕೂಲಿಕಾರರು ಕೈ ತೊಳೆಯದೆ ಉಣ್ಣುವುದರಿಂದ ಸೀಸ ಹೊಟ್ಟೆಗೆ ಹೋಗುತ್ತದೆ, ತಪ್ಪು ಅವರದೇ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಯಜಮಾನರಿಗೆ ಈ ನಂಬಿಕೆ ಬಹಳ ಅನುಕೂಲವಾಗಿತ್ತು. ಒಂದು ಸಾಬೂನು ಕೊಟ್ಟು, ಗೋಡೆಗೆ ಒಂದು ಸೂಚನೆ ಅಂಟಿಸಿದರೆ ಅವರ ಹೊಣೆ ಮುಗಿಯಿತು. ಆಲಿಸ್ ಇದನ್ನು ಅಲ್ಲಗಳೆದರು. ಎಷ್ಟೇ ಶುಚಿಯಾದ ಮನುಷ್ಯನಾದರೂ ಧೂಳಿನ ನಡುವೆ ಉಸಿರಾಡದೆ ಇರಲಾರನು. ಗಾಳಿಯಲ್ಲಿ ಸೇರುವ ಧೂಳು ಮತ್ತು ಹೊಗೆಗಳೇ ದೊಡ್ಡ ಶತ್ರು. ಅವನ್ನು ಹುಟ್ಟುವ ಜಾಗದಲ್ಲಿಯೇ ಅಡಗಿಸಬೇಕು, ಸಾಧ್ಯವಾದರೆ ಸೀಸದ ಬದಲು ಬೇರೆ ವಸ್ತುವನ್ನು ಬಳಸಬೇಕು ಎಂದು ಸಾಧಿಸಿದರು. ಕೈ ತೊಳೆಯುವುದು ಬೇಡವೆಂದಲ್ಲ. ಕೈ ತೊಳೆಯದವನ ಮೇಲೆ ಮಾತ್ರ ಹೊಣೆ ಹೊರಿಸಿ ಧೂಳನ್ನು ಬಿಟ್ಟುಬಿಡಬಾರದು ಎಂದು.

ಬಣ್ಣ ಬಳಿಯುವವರ ಕಸುಬನ್ನು ಕುರಿತು ೧೯೧೩ರಲ್ಲಿ ಪ್ರಕಟವಾದ ಆಕೆಯ ವರದಿ ನಮ್ಮ ಮನೆಗಳಿಗೆ ತೀರ ಹತ್ತಿರದ್ದು. ಹಳೆಯ ಬಣ್ಣವನ್ನು ಒಣಗಿದಂತೆಯೇ ಸ್ಯಾಂಡ್ ಪೇಪರಿನಿಂದ ಉಜ್ಜುವಾಗ ಏಳುವ ಧೂಳು ಬಹಳ ಅಪಾಯಕರವಾದುದು. ನೀರು ತಾಗಿಸಿ ಒದ್ದೆಯಾಗಿ ಉಜ್ಜಿದರೆ ಅದೇ ಕೆಲಸ ಧೂಳಿಲ್ಲದೆ ಆಗುತ್ತದೆ. ಇಷ್ಟು ಸಣ್ಣ ಉಪಾಯ ಎಷ್ಟೋ ಜೀವಗಳನ್ನು ಉಳಿಸಬಲ್ಲುದು.

ಸೀಸ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವುದಿಲ್ಲ ಎಂಬುದೂ ಆಕೆಗೆ ತಿಳಿದಿತ್ತು. ಸೀಸದ ಕಸುಬಿನಲ್ಲಿರುವ ಸ್ತ್ರೀಯರನ್ನು ಕುರಿತು ೧೯೧೯ರಲ್ಲಿ ಆಕೆಯ ವರದಿ ಹೊರಬಂದಿತು. ಬಸಿರು ಇಳಿಯುವುದು, ಮಗು ಸತ್ತು ಹುಟ್ಟುವುದು, ಹುಟ್ಟಿದ ಕೂಸು ವರ್ಷ ತುಂಬುವುದರೊಳಗೆ ತೀರಿಕೊಳ್ಳುವುದು, ಇವೆಲ್ಲ ಸೀಸವೇರಿದ ತಾಯಂದಿರಲ್ಲಿ ಹೆಚ್ಚು. ಫ್ರಾನ್ಸಿನ ಕಾನ್‌ಸ್ಟಾಂಟಿನ್ ಪಾಲ್ ಎಂಬ ವೈದ್ಯರು ೧೮೬೦ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ತಂದೆ ಮಾತ್ರ ಸೀಸದಲ್ಲಿ ದುಡಿಯುವ ಮನೆಗಳಲ್ಲಿಯೂ ಶಿಶುಗಳಿಗೆ ಕೇಡು ತಟ್ಟುವುದೆಂದು ತೋರಿಸಿದ್ದರು. ಅಪ್ಪನ ಅಂಗಿಯ ಮೇಲೆ, ತಲೆಗೂದಲಿನಲ್ಲಿ, ಕಾಲ್ಮೆಟ್ಟಿನಲ್ಲಿ ಬರುವ ಧೂಳು ಕೂಸಿನ ಹಾಸಿಗೆಯವರೆಗೂ ಬರುತ್ತದೆ ಎಂಬುದು ಇಂದು ವೈದ್ಯಶಾಸ್ತ್ರ ಒಪ್ಪಿದ ಮಾತು.

ಹೀಗಾಗಲು ಕಾರಣವನ್ನು ಇಂದಿನ ವಿಜ್ಞಾನ ಸ್ಪಷ್ಟವಾಗಿ ವಿವರಿಸುತ್ತದೆ. ನಮ್ಮ ದೇಹ ಸೀಸವನ್ನು ಸುಣ್ಣದ ಅಂಶವೆಂದೇ ಭ್ರಮಿಸಿ ಮೂಳೆಗಳಲ್ಲಿ ಸಂಗ್ರಹಿಸುತ್ತದೆ. ಹೆಂಗಸು ಬಸುರಿಯಾದಾಗ ಆ ಮೂಳೆಗಳಿಂದ ಸುಣ್ಣದೊಡನೆ ಸೀಸವೂ ಇಳಿದು ಹೊಟ್ಟೆಯಲ್ಲಿರುವ ಮಗುವನ್ನು ಮುಟ್ಟುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮಕ್ಕಳ ಮೈ ಹೀರಬಲ್ಲುದು. ಮಕ್ಕಳೋ ನೆಲದಲ್ಲಿ ಹರಿದಾಡಿ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವವರು. ರಕ್ತ ಬತ್ತುವುದು, ಬೆಳವಣಿಗೆ ಕುಂಠಿತವಾಗುವುದು ಮಾತ್ರವಲ್ಲ, ಮಿದುಳಿಗೇ ಏಟು ಬೀಳುತ್ತದೆ. ಗ್ರಹಿಸುವ ಶಕ್ತಿ, ಗಮನವಿಟ್ಟು ಕೇಳುವ ಶಕ್ತಿ ಕುಗ್ಗುತ್ತವೆ. ಹೀಗೆ ಕುಗ್ಗಿದ್ದು ಮತ್ತೆ ಪೂರ್ತಿಯಾಗಿ ಸರಿಹೋಗದು. ಇಷ್ಟರವರೆಗೆ ನಿರಪಾಯ ಎಂದು ಹೇಳಬಹುದಾದ ಪ್ರಮಾಣವೇ ಸೀಸಕ್ಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ತರಗತಿಯಲ್ಲಿ ದಡ್ಡನೆನಿಸಿಕೊಂಡು ಬೈಸಿಕೊಳ್ಳುವ ಹುಡುಗನ ರಕ್ತದಲ್ಲಿ ಏನಿದೆ ಎಂದು ಯಾರು ನೋಡಿದ್ದಾರೆ?

೧೯೧೯ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಆಲಿಸರನ್ನು ಔದ್ಯೋಗಿಕ ವೈದ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಿಕೆಯನ್ನಾಗಿ ಕರೆಯಿತು. ಆ ಮಹಾಸಂಸ್ಥೆಯ ಅಧ್ಯಾಪಕವರ್ಗದಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ ಆಕೆ. ಆದರೆ ಮೂರು ನಿಬಂಧನೆಗಳಿದ್ದವು: ಅಧ್ಯಾಪಕರ ಕ್ಲಬ್ಬಿಗೆ ಹೋಗಕೂಡದು, ಕಾಲ್ಚೆಂಡಿನ ಪಂದ್ಯಕ್ಕೆ ಅಧ್ಯಾಪಕರಿಗೆ ಸಲ್ಲುವ ಟಿಕೆಟು ಕೇಳಕೂಡದು, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯಕೂಡದು. ೧೯೩೫ರಲ್ಲಿ ನಿವೃತ್ತರಾಗುವವರೆಗೂ ಆಕೆಗೆ ಬಡ್ತಿ ದೊರೆಯಲಿಲ್ಲ. ಸಹಾಯಕರಾಗಿಯೇ ಬಂದು ಸಹಾಯಕರಾಗಿಯೇ ಹೊರಟರು. ಅಷ್ಟರಲ್ಲಿ ಅಮೆರಿಕದ ಔದ್ಯೋಗಿಕ ವಿಷಗಳನ್ನು ಕುರಿತ ಆಕೆಯ ಗ್ರಂಥ ೧೯೨೫ರಲ್ಲಿ ಪ್ರಕಟವಾಗಿ ಆ ಶಾಸ್ತ್ರಕ್ಕೆ ಆ ದೇಶದಲ್ಲಿ ಅಸ್ತಿಭಾರ ಹಾಕಿತ್ತು. ರಾಷ್ಟ್ರಸಂಘದ ಆರೋಗ್ಯ ಸಮಿತಿಯಲ್ಲಿಯೂ ಆಕೆ ಸದಸ್ಯೆಯಾಗಿದ್ದರು.

ಅದೇ ೧೯೨೫ರಲ್ಲಿ ಆಕೆಯ ಬಾಳಿನ ಒಂದು ದೊಡ್ಡ ಹೋರಾಟ ನಡೆಯಿತು. ಮೋಟಾರಿನ ಎಂಜಿನ್ನು ಬಡಿದುಕೊಳ್ಳದಂತೆ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುವ ಪದ್ಧತಿ ಆಗ ಹೊಸದಾಗಿ ಬಂದಿತ್ತು. ಹಿಂದಿನ ವರ್ಷ ನ್ಯೂಜೆರ್ಸಿಯ ಒಂದು ತಯಾರಿಕೆಯ ಸ್ಥಳದಲ್ಲಿ ಐವರು ಕೆಲಸಗಾರರು ಆ ವಿಷದಿಂದ ಮತಿಭ್ರಮಣೆಗೊಂಡು ಸತ್ತಿದ್ದರು. ಮೇ ೨೦ರಂದು ವಾಷಿಂಗ್ಟನ್ನಿನಲ್ಲಿ ಕರೆದ ಸಮ್ಮೇಳನದಲ್ಲಿ ಆಲಿಸ್ ಇದನ್ನು ವಿರೋಧಿಸಿದರು. ಎಷ್ಟೇ ಕಾವಲಿಟ್ಟರೂ ಸೀಸವಿರುವ ಕಡೆ ಇಂದಲ್ಲ ನಾಳೆ ಸೀಸವಿಷ ಕಾಣಿಸಿಕೊಳ್ಳುವುದು. ಬೀದಿಬೀದಿಗೂ ಹರಡುವ ಧೂಳನ್ನು ಯಾರು ಹಿಡಿದಿಡಬಲ್ಲರು ಎಂಬುದು ಆಕೆಯ ವಾದದ ಸಾರ. ಆಕೆ ಸೋತರು. ೧೯೨೬ರಲ್ಲಿ ಅದರ ಮಾರಾಟ ಮತ್ತೆ ಆರಂಭವಾಯಿತು. ಆಕೆಯ ಮಾತು ನಿಜವಾಯಿತೆಂದು ಲೋಕ ಒಪ್ಪಲು ಬಹುಕಾಲ ಹಿಡಿಯಿತು. ಭಾರತದಲ್ಲಿ ೨೦೦೦ದಲ್ಲಿ ಸೀಸವಿಲ್ಲದ ಪೆಟ್ರೋಲು ದೇಶಾದ್ಯಂತ ಜಾರಿಗೆ ಬಂದಿತು. ಮೋಟಾರುಗಳಿಗೆ ಸೀಸದ ಪೆಟ್ರೋಲನ್ನು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯ ಅದನ್ನು ನಿಲ್ಲಿಸಿದ್ದು ೨೦೨೧ರಲ್ಲಿ.

ಮನೆಯ ಬಣ್ಣದ ಕಥೆಯೂ ಹೀಗೆಯೇ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಕಣ್ಣಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್ ೧೯೦೪ರಲ್ಲಿಯೇ ಜಗಲಿಯ ಕಟಕಟೆಗೂ ಕೋಣೆಯ ಗೋಡೆಗಳಿಗೂ ಬಳಿದ ಸೀಸದ ಬಣ್ಣವೇ ಮಕ್ಕಳ ರೋಗಕ್ಕೆ ಮೂಲವೆಂದು ತೋರಿಸಿದ್ದರು. ೧೯೨೧ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಡಗಳ ಒಳಗೆ ಬಿಳಿ ಸೀಸದ ಬಳಕೆಯನ್ನು ನಿರ್ಬಂಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತು. ಆದರೆ ಅಮೆರಿಕದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ನಿಷಿದ್ಧವಾದದ್ದು ೧೯೭೮ರಲ್ಲಿ. ಅಲ್ಲಿಯವರೆಗೂ ಕಾರ್ಖಾನೆಯ ಹಳೆಯ ವಾದವೇ ಮನೆಯಲ್ಲಿಯೂ ನಡೆಯಿತು. ಅಲ್ಲಿ ಕೂಲಿಕಾರನ ತೊಳೆಯದ ಕೈಯ ತಪ್ಪು. ಇಲ್ಲಿ ಮಗುವನ್ನು ನೋಡಿಕೊಳ್ಳದ ಬಡತಾಯಿಯ ತಪ್ಪು! ಬಣ್ಣದಲ್ಲಿ ಸೀಸವೇಕೆ ಇರಬೇಕೆಂದು ಕೇಳಿದವರು ಕೆಲವರು ಮಾತ್ರ.

ಆಲಿಸ್ ನಿವೃತ್ತರಾದ ಮೇಲೆ ಕನೆಟಿಕಟ್ ಸಂಸ್ಥಾನದ ಹ್ಯಾಡ್‌ಲೈಮ್ ಎಂಬ ಹಳ್ಳಿಯಲ್ಲಿ ತಂಗಿ ಮಾರ್ಗರೆಟರೊಡನೆ ನದಿಯ ದಂಡೆಯ ಮನೆಯಲ್ಲಿ ನೆಲಸಿದರು. ಮದುವೆಯಾಗಲಿಲ್ಲ. ೧೯೪೩ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದರು. ೧೯೪೭ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತು. ೧೯೭೦ರ ಸೆಪ್ಟೆಂಬರ್ ೨೨ರಂದು, ತಮ್ಮ ೧೦೧ನೆಯ ವಯಸ್ಸಿನಲ್ಲಿ ಕಾಲವಾದರು. ಅದಾಗಿ ಮೂರು ತಿಂಗಳಲ್ಲಿ, ಆ ವರ್ಷದ ಡಿಸೆಂಬರಿನಲ್ಲಿ, ಕೆಲಸಗಾರರ ಆರೋಗ್ಯ ರಕ್ಷಣೆಗಾಗಿ ಅಮೆರಿಕದ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಗೆ ಅಂಕಿತ ಬಿದ್ದಿತು. ೧೯೯೫ರಲ್ಲಿ ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಆ ದೇಶ ಹೊರಡಿಸಿತು.

ಈ ಚರಿತ್ರೆ ಪರದೇಶದ್ದೆಂದು ನಾವು ಪುಸ್ತಕ ಮುಚ್ಚುವಂತಿಲ್ಲ. ಲೋಕದಲ್ಲಿ ಸುಮಾರು ೮೦ ಕೋಟಿ ಮಕ್ಕಳ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆಯೆಂದೂ, ಅವರಲ್ಲಿ ೨೭ ಕೋಟಿಗೂ ಹೆಚ್ಚು ಮಕ್ಕಳು ಭಾರತದವರೆಂದೂ ೨೦೨೦ರಲ್ಲಿ ಯುನಿಸೆಫ್ ಪಾಲುಗೊಂಡ ವರದಿಯೊಂದು ಅಂದಾಜು ಮಾಡಿತು. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ ೯೦ ಭಾಗ ಮೀರಕೂಡದೆಂಬ ನಿಯಮ ೨೦೧೬ರಲ್ಲಿ ಹೊರಟು ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿದೆ. ಆದರೆ ಅದಕ್ಕೆ ಮುಂಚೆ ಬಳಿದ ಬಣ್ಣ ಬಾಗಿಲು ಕಿಟಕಿಗಳ ಮೇಲೆ ಹಾಗೆಯೇ ಇರಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಸೀಸವಿಷದ ಬಗೆಗೆ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪಿತವಾದುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ.

ನಮ್ಮ ಕಾಲೇಜಿನಲ್ಲಿ ಓದುವ ಅನೇಕರ ಮನೆಗಳಲ್ಲಿ ನಾವೇ ಮೊದಲ ಓದಿದವರು. ಬಣ್ಣದ ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ಮನೆಯವರಿಗೆ ಹೇಳಬೇಕಾದವರು ನಾವೇ. ಆದುದರಿಂದ ಕೆಲ ಮಾತುಗಳನ್ನು ತಿಳಿದಿರುವುದು ಒಳಿತು. ಹಬ್ಬಕ್ಕೆ ಬಣ್ಣ ಬಳಿಯುವಾಗ ಹಳೆಯ ಬಣ್ಣವನ್ನು ಒಣದಾಗಿ ಕೆರೆಯದೆ ಒದ್ದೆ ಮಾಡಿ ಉಜ್ಜಬೇಕು. ಆ ಹೊತ್ತಿನಲ್ಲಿ ಮಕ್ಕಳೂ ಬಸುರಿಯರೂ ಬೇರೆಡೆ ಇರಬೇಕು. ನೆಲವನ್ನು ಗುಡಿಸುವುದಕ್ಕಿಂತ ಒದ್ದೆಬಟ್ಟೆಯಿಂದ ಒರಸಬೇಕು. ಹಳೆಯ ಬ್ಯಾಟರಿಯನ್ನು ಮನೆಯ ಬಳಿ ಒಡೆಯುವುದು, ಸೀಸ ಕರಗಿಸುವುದು ಸಲ್ಲದು. ಬ್ಯಾಟರಿ ಅಥವಾ ಬಣ್ಣದ ಕೆಲಸದಿಂದ ಬಂದವರು ಬಟ್ಟೆ ಬದಲಾಯಿಸಿ, ಮೈ ತೊಳೆದು ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಕಲಾಯಿ ಹಾಕಿಸುವಾಗ ಸೀಸ ಬೆರೆಸದ ಶುದ್ಧ ತವರವನ್ನೇ ಕೇಳಬೇಕು. ಕೆಲವು ಬಗೆಯ ಸುರ್ಮ, ಸಿಂಧೂರಗಳಲ್ಲಿಯೂ, ಕಲಬೆರಕೆಯ ಅರಿಸಿನದ ಪುಡಿಯಲ್ಲಿಯೂ ಸೀಸ ಕಂಡುಬಂದಿದೆ. ಕಬ್ಬಿಣ ಮತ್ತು ಸುಣ್ಣದ ಅಂಶ ಸಾಲದ ಮೈ ಸೀಸವನ್ನು ಹೆಚ್ಚಾಗಿ ಹೀರುವುದರಿಂದ ನಮ್ಮ ರಾಗಿ, ಸೊಪ್ಪು, ಹಾಲು ಮಕ್ಕಳಿಗೆ ಒಂದು ರಕ್ಷೆ. ಸಂಶಯ ಬಂದರೆ ರಕ್ತಪರೀಕ್ಷೆಯಿಂದ ಸೀಸವನ್ನು ತಿಳಿಯಬಹುದು.

ಇಷ್ಟನ್ನೂ ಮಾಡಿದ ಮೇಲೆಯೂ ಡಾ. ಹ್ಯಾಮಿಲ್ಟನ್ನರ ಮೂಲಪಾಠವನ್ನು ಮರೆಯಬಾರದು. ಮನೆಯವರು ಎಚ್ಚರವಾಗಿರಬೇಕಾದದ್ದು ನಿಜ. ಆದರೆ ವಿಷವನ್ನು ಡಬ್ಬಿಗೆ ತುಂಬಿದವನ ಹೊಣೆಯನ್ನು ಅಡಿಗೆಮನೆಯ ತಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಧಿಕಾರವಿಲ್ಲದ, ಬಡ್ತಿಯಿಲ್ಲದ, ಮೆರವಣಿಗೆಯಲ್ಲಿ ಜಾಗವಿಲ್ಲದ ಒಬ್ಬ ಹೆಣ್ಣುಮಗಳು ಬಡವರ ಮನೆಗೆ ನಡೆದುಹೋಗಿ, ಅವರು ಹೇಳಿದ್ದನ್ನು ನಂಬಿ, ಪರೀಕ್ಷಿಸಿ, ದೊಡ್ಡವರ ಮುಂದಿಟ್ಟು ಗೆದ್ದರು. ಪದವಿ ಪಡೆದು ಹೊರಡುವ ನಾವು ಊರಿಗೆ ಹಿಂದಿರುಗಿದಾಗ, ನಮ್ಮವರ ಕಾಯಿಲೆಯನ್ನು ಅವರ ಕರ್ಮವೆಂದೂ ಕೊಳಕೆಂದೂ ಹಳಿಯುವ ಮುನ್ನ ಕಾರಣವೇನೆಂದು ವಿಚಾರಿಸುವ ಅಭ್ಯಾಸವನ್ನು ಆಕೆಯಿಂದ ಕಲಿತರೆ, ಓದಿದ್ದು ಸಾರ್ಥಕ.